ಎಲ್ಕ್ ಬೇಟೆಗೆ ಐದೇ ದಿನ ಇದ್ರೆ ಯಾವ ಸೀಸನ್, ಯಾವ ಟ್ಯಾಗ್, ಎಲ್ಲಿ ಕ್ಯಾಂಪ್

ಕೊಲರಾಡೋಗೆ ಎಲ್ಕ್ ಬೇಟೆಗೆ ಹೋಗ್ಬೇಕು ಅಂತಿರೋ ನಮ್ಮ ಕನ್ನಡದವರ ರಜದ ಲೆಕ್ಕ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಆಫೀಸಲ್ಲಿ ಮೂರು ದಿನ ಸಿಗತ್ತೆ, ಶನಿವಾರ ಭಾನುವಾರ ಸೇರಿಸಿದ್ರೆ ಐದು, ಅದ್ರಲ್ಲಿ ಹೋಗೋಕೆ ಬರೋಕೆ ಅಂತ ಒಂದೂವರೆ ದಿನ ಹೋಯ್ತು. ಕೊಡಗು ಮಲೆನಾಡು ಕಡೆಯವರು ಅಜ್ಜನ ಕಾಲದ ಬೇಟೆ ಕಥೆ ಕೇಳ್ಕೊಂಡೇ ಬೆಳೆದಿರ್ತಾರೆ, ಆದ್ರೆ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಊರಲ್ಲಿ ಅದು ಮುಗಿದ ವಿಷಯ, ಅಲ್ಲಿ ಉಳಿದಿರೋ ಕಾಡು ನೋಡಿದ್ರೆ ಮುಗಿದಿದ್ದು ಸರಿನೇ. ಇಲ್ಲಿ ಕಥೆ ಬೇರೆ. ಕೊಲರಾಡೋದಲ್ಲಿ ಎಲ್ಕ್ ಸಂಖ್ಯೆ 2,80,000ದ ಆಸುಪಾಸು ಇದೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ, ರಾಜ್ಯದ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಪ್ರತಿ ವರ್ಷ ಹಿಂಡುಗಳ ಲೆಕ್ಕ ನೋಡಿ ಟ್ಯಾಗ್, ಅಂದ್ರೆ ಒಂದು ಪ್ರಾಣಿ ಹೊಡೆಯೋಕೆ ಪರವಾನಗಿ ಚೀಟಿ, ಕೊಡತ್ತೆ, ಆ ಟ್ಯಾಗ್ ದುಡ್ಡಿಂದನೇ ಇಲಾಖೆಯ ಕಾಡುಪ್ರಾಣಿ ಕೆಲಸ ದೊಡ್ಡ ಪಾಲು ನಡಿಯತ್ತೆ. ಎಲ್ಕ್ ನಮ್ಮ ಕಡವೆಯ ಸಂಬಂಧಿನೇ, ಆದ್ರೆ ಇನ್ನೂ ಭಾರಿ, ಬೆಳೆದ ಗಂಡು 300 ಕೆಜಿ ದಾಟತ್ತೆ.

ಆಯ್ಕೆಗಳನ್ನ ಹೋಲಿಸೋ ಮುಂಚೆ ಒಂದು ಅಳತೆ ಇಟ್ಕೊಳ್ಳಿ, ಮುಂದೆ ಹೇಳೋದೆಲ್ಲ ಅದರ ಮೇಲೇ ನಿಂತಿದೆ. ಎಲ್ಕ್ ರಾತ್ರಿ ಬಯಲಲ್ಲಿ ಮೇಯತ್ತೆ, ಬೆಳಕು ಹರಿದು ಒಂದೊಂದೂವರೆ ಗಂಟೆ ಒಳಗೆ ಉತ್ತರಕ್ಕೆ ಮುಖ ಮಾಡಿರೋ ಇಳಿಜಾರಿನ ದಟ್ಟ ಕಾಡು ಸೇರ್ಕೊಂಡು ಮಲಗತ್ತೆ, ಮತ್ತೆ ಹೊರಗೆ ಬರೋದು ಸಂಜೆ ಕೊನೇ ಗಂಟೇಲಿ. ಗುಂಡು ಹಾರಿಸೋಕೆ ಕಾನೂನು ಬಿಡೋದು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿಂದ ಸೂರ್ಯ ಮುಳುಗಿ ಅರ್ಧ ಗಂಟೆವರೆಗೆ. ಹಾಗಾಗಿ ಐದು ದಿನದ ಟ್ರಿಪ್ಪಲ್ಲಿ ನಿಮ್ಮ ಕೈಲಿರೋದು ನಾಲ್ಕು ಬೆಳಗ್ಗೆ, ನಾಲ್ಕು ಸಂಜೆ, ಅಷ್ಟೇ. ಯಾವ ಸೀಸನ್, ಎಲ್ಲಿ ಮಲಗೋದು, ಯಾವ ಟ್ಯಾಗ್, ಗೈಡ್ ಬೇಕಾ ಬೇಡ್ವಾ, ಏನೇ ಆರಿಸಿದ್ರೂ ಈ ಎಂಟರಲ್ಲಿ ಎಷ್ಟು ಹೊತ್ತು ನೀವು ನಿಜವಾಗ್ಲೂ ಎಲ್ಕ್ ಇರೋ ಜಾಗದಲ್ಲಿ ಕೂತಿರ್ತೀರ ಅಂತ ನೋಡಿ.

ಮೊದಲು ಕಾಗದಪತ್ರ

1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಬೇಟೆ ಸುರಕ್ಷತೆ ಕೋರ್ಸ್ ಮುಗಿಸಿದ್ದಕ್ಕೆ ಕೊಡೋ ಹಂಟರ್ ಎಜುಕೇಶನ್ ಕಾರ್ಡ್ ಬೇಕು, ಬೇರೆ ರಾಜ್ಯದಲ್ಲಿ ಮಾಡಿದ್ದಾದ್ರೂ ನಡಿಯತ್ತೆ. ಹೊಸಬರಿಗೆ ಅಪ್ರೆಂಟಿಸ್ ಅನ್ನೋ ದಾರಿನೂ ಇದೆ, ಕಾರ್ಡ್ ಇರೋ ದೊಡ್ಡವರೊಬ್ಬರು ಜೊತೇಲೇ ಇರ್ಬೇಕು. ಗ್ರೀನ್ ಕಾರ್ಡ್ ಇರೋರಿಗೆ ಬಂದೂಕಿನ ವಿಷಯದಲ್ಲಿ ವೀಸಾ ತೊಡಕು ಇಲ್ಲ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರೋರಿಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಂದೂಕು ಇಟ್ಕೊಳ್ಳೋಕೆ ಬಿಡಲ್ಲ, ಅಮೆರಿಕದ ಯಾವುದಾದ್ರೂ ರಾಜ್ಯದ ಚಾಲ್ತಿ ಹಂಟಿಂಗ್ ಲೈಸೆನ್ಸ್ ಇದ್ರೆ ಅದಕ್ಕೆ ವಿನಾಯಿತಿ ಇದೆ. ಇದು ಇಮಿಗ್ರೇಶನ್‌ಗೆ ತಗಲೋ ವಿಷಯ, ಅದಕ್ಕೇ ಸ್ನೇಹಿತರ ಮಾತು ನಂಬ್ಕೊಂಡು ಬಂದೂಕು ಮುಟ್ಬೇಡಿ, ಒಬ್ಬ ವಕೀಲರ ಹತ್ರ ಕೇಳಿ ಬರವಣಿಗೇಲಿ ತಗೊಳ್ಳಿ. ಬಿಲ್ಲುಬಾಣಕ್ಕೆ ಈ ತಲೆನೋವಿಲ್ಲ, ವೀಸಾದಲ್ಲಿ ಇರೋರು ಹಲವರು ಬಿಲ್ಲು ಹಿಡಿಯೋಕೆ ಅದೂ ಒಂದು ಕಾರಣ.

ಕೊಲರಾಡೋದಲ್ಲಿ ಸತತ ಆರು ತಿಂಗಳು ವಾಸ ಮಾಡಿದ್ರೆ ರೆಸಿಡೆಂಟ್, ಎಲ್ಕ್ ಲೈಸೆನ್ಸ್ ನೂರು ಡಾಲರ್ ಒಳಗೇ ಸಿಗತ್ತೆ. ಹೊರಗಿನವರಿಗೆ ಗಂಡು ಎಲ್ಕ್ ಟ್ಯಾಗ್ 800 ಡಾಲರ್ ಮೇಲೇ. ಡೆನ್ವರ್, ಫೋರ್ಟ್ ಕಾಲಿನ್ಸ್, ಅರೋರಾ ಕಡೆ ಕೆಲಸಕ್ಕೆ ಈಗಷ್ಟೇ ಬಂದಿರೋರು ಆರು ತಿಂಗಳು ತಡ್ಕೊಂಡು ತಗೊಂಡ್ರೆ ಟ್ರಿಪ್ಪಿನ ಅರ್ಧ ಖರ್ಚು ಅಲ್ಲೇ ಉಳೀತು.

ಯಾವ ಸೀಸನ್

ಸೆಪ್ಟೆಂಬರ್ 2ರಿಂದ 30ರವರೆಗೆ ಬಿಲ್ಲಿನ ಸೀಸನ್. ಎಲ್ಕ್ ಬೆದೆಗೆ ಬರೋ ಕಾಲ ಇದು, ಗಂಡು ಕಣಿವೆ ತುಂಬ ಕೂಗ್ತಾ ಇರತ್ತೆ, ಬೆಳಗಿನ ಚಳೀಲಿ ಆ ಶಿಳ್ಳೆ ಥರದ ಕೂಗು ಕೇಳಿದವರು ಯಾರೂ ಮರಿಯಲ್ಲ, ಅದಕ್ಕಾಗಿಯೇ ಒಂದ್ಸಲ ಹೋಗಿ ಬನ್ನಿ ಅಂತ ಹೇಳ್ತೀನಿ. ಆದ್ರೆ ಹೊರಗಿಂದ ಐದು ದಿನಕ್ಕೆ ಬರೋ ಹೊಸಬರಿಗೆ ಮಾಂಸದ ದೃಷ್ಟಿಯಿಂದ ಇದು ಬೇಡ ಅಂತೀನಿ. 30, 40 ಗಜ ಹತ್ತಿರಕ್ಕೆ ಹೋಗ್ಬೇಕು, ಗಾಳಿ ಒಂಚೂರು ತಿರುಗಿದ್ರೂ ಇಡೀ ಹಿಂಡು ಮಾಯ, ಬಾಣ ಹೊಡೆಯೋದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಇನ್ನೊಂದು ಬದಲಾವಣೆ, 2025ರಿಂದ ಹೊರಗಿನವರಿಗೆ ಬಿಲ್ಲಿನ ಟ್ಯಾಗ್ ಅಂಗಡೀಲಿ ನೇರ ಸಿಗಲ್ಲ, ಡ್ರಾಗೆ, ಅಂದ್ರೆ ಲಾಟರಿ ಥರದ ಹಂಚಿಕೆಗೆ, ಅರ್ಜಿ ಹಾಕ್ಬೇಕು. ಕೊಲರಾಡೋದಲ್ಲೇ ಇದ್ದು ಸೆಪ್ಟೆಂಬರಿನ ಒಂದೊಂದು ವೀಕೆಂಡೂ ಹೋಗ್ಬರೋರಿಗೆ ಮಾತ್ರ ಇದು ಬೆಸ್ಟ್, ಯಾಕಂದ್ರೆ ಅವರಿಗೆ ಬೆಳಗ್ಗೆ ಸಂಜೆಗಳು ಬೇಕಾದಷ್ಟು ಸಿಗತ್ವೆ.

ಮಜಲ್‌ಲೋಡರ್ (ನಳಿಗೆ ಬಾಯಿಂದ ಮದ್ದು ಗುಂಡು ತುಂಬೋ ಬಂದೂಕು) ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಬರತ್ತೆ, ಬೆದೆ ಇನ್ನೂ ಜೋರಾಗಿರೋ ಹೊತ್ತು, ಡ್ರಾನೇ ಗತಿ, ಕೊಲರಾಡೋದಲ್ಲಿ ಅದಕ್ಕೆ ಸ್ಕೋಪ್ ಹಾಕೋ ಹಾಗಿಲ್ಲ. ಹೊಸ ಬಂದೂಕು ಹೊಸ ಅಭ್ಯಾಸ ಎರಡೂ ಬೇಕಾಗೋದ್ರಿಂದ ಮೊದಲ ಸಲದವರು ಇದನ್ನ ಬಿಟ್ಟುಬಿಡಿ.

ನನ್ನ ಆಯ್ಕೆ ಮೊದಲನೇ ರೈಫಲ್ ಸೀಸನ್. ಅಕ್ಟೋಬರ್ ಮಧ್ಯದಲ್ಲಿ ಬರೋ ಇದು ಇರೋದೇ ಐದು ದಿನ, ನಿಮ್ಮ ರಜಕ್ಕೆ ಅಳತೆ ಮಾಡಿ ಇಟ್ಟ ಹಾಗೆ. ಟ್ಯಾಗ್ ಡ್ರಾದಲ್ಲೇ ಸಿಗೋದ್ರಿಂದ ಜನ ಕಮ್ಮಿ, ಜಿಂಕೆ ಬೇಟೆಯವರೂ ಇರಲ್ಲ, ಎಲ್ಕ್ ಆ ವರ್ಷ ಇನ್ನೂ ರೈಫಲ್ ಸದ್ದು ಕೇಳಿರಲ್ಲ, ಹಾಗಾಗಿ ಎಲ್ಲಿ ಮೇಯ್ತಿತ್ತೋ ಅಲ್ಲೇ ಇರತ್ತೆ, ಬೆದೆಯ ಕೊನೆ ಕೊನೆ ಆಗಿರೋದ್ರಿಂದ ಕೆಲವು ಗಂಡು ಇನ್ನೂ ಕೂಗ್ತಾನೂ ಇರತ್ತೆ. ಡ್ರಾ ಅಂದ್ರೆ ಹೆದರ್ಬೇಡಿ, ಹತ್ತಿಪ್ಪತ್ತು ಪಾಯಿಂಟ್ (ಡ್ರಾದಲ್ಲಿ ಟ್ಯಾಗ್ ಸಿಗದ ವರ್ಷಕ್ಕೊಂದರಂತೆ ಕೂಡೋ ಅಂಕ) ಕೇಳೋ ಹೆಸರುವಾಸಿ ಯುನಿಟ್‌ಗಳು, ಅಂದ್ರೆ ಬೇಟೆ ವಲಯಗಳು, ಬೇರೆ, ಪಾಯಿಂಟೇ ಇಲ್ಲದೆ ಅಥವಾ ಒಂದೋ ಎರಡೋ ಪಾಯಿಂಟಿಗೆ ಸಿಗೋ ಯುನಿಟ್‌ಗಳೂ ಬೇಕಾದಷ್ಟಿವೆ, ಇಲಾಖೆ ಪ್ರತಿ ವರ್ಷ ಹಿಂದಿನ ಡ್ರಾ ಹೇಗಾಯ್ತು ಅಂತ ಪೂರ್ತಿ ಪಟ್ಟಿ ಹಾಕತ್ತೆ, ಅದನ್ನ ಒಂದು ಸಂಜೆ ಕೂತ್ಕೊಂಡು ಓದಿ. ಅರ್ಜಿಗೆ ಕೊನೇ ದಿನ ಏಪ್ರಿಲ್ ಮೊದಲ ಮಂಗಳವಾರ. ಬೇಟೆ ಆಸೆ ಇರೋರು ಇದನ್ನ ಯುಗಾದಿ ಹೊತ್ತಿಗೆ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ, ಎಷ್ಟೋ ಜನಕ್ಕೆ ಆಗಸ್ಟಲ್ಲಿ ನೆನಪಾಗತ್ತೆ, ಆಗ ಒಳ್ಳೆ ಟ್ಯಾಗ್ ಎಲ್ಲ ಹೋಗಿರತ್ತೆ. ಮೊದಲ ಡ್ರಾ ತಪ್ಪಿದ್ರೂ ಜೂನಲ್ಲಿ ಸೆಕೆಂಡರಿ ಡ್ರಾ ಇದೆ, ಆಮೇಲೆ ಆಗಸ್ಟಲ್ಲಿ ಉಳಿದಿರೋದನ್ನ ಲೆಫ್ಟೋವರ್ ಅಂತ ಮಾರ್ತಾರೆ, ವಾಪಸ್ ಬಂದ ಟ್ಯಾಗ್‌ಗಳು ಅಲ್ಲಿಗೇ ಬಂದು ಸೇರ್ಕೊಳ್ತಿರತ್ವೆ, ಕಣ್ಣಿಟ್ಟು ಕಾದ್ರೆ ಒಳ್ಳೇದೂ ಸಿಗತ್ತೆ.

ಎರಡನೇ ರೈಫಲ್ ಸೀಸನ್ ಅಕ್ಟೋಬರ್ ಕೊನೇಲಿ, ಒಂಬತ್ತು ದಿನ. ಹಲವು ಯುನಿಟ್‌ಗಳಲ್ಲಿ ಗಂಡು ಎಲ್ಕ್ ಟ್ಯಾಗ್ ಓವರ್ ದ ಕೌಂಟರ್, ಅಂದ್ರೆ ಡ್ರಾ ಇಲ್ಲದೆ ನೇರ, ಸಿಗೋದು ಇದಕ್ಕೆ ಮತ್ತೆ ಮೂರನೇದಕ್ಕೆ, ವಾಲ್‌ಮಾರ್ಟಲ್ಲೂ ತಗೋಬಹುದು, ಸುಲಭ ಅಂತಲೇ ಜನ ಹೋಗೋದು, ಅದೇ ಅದರ ಕಷ್ಟನೂ. ರೋಡ್ ಮುಗಿಯೋ ಜಾಗದಲ್ಲೆಲ್ಲ ಟ್ರಕ್ಕು, ಟ್ರೇಲರ್ರು, ಕಿತ್ತಳೆ ಬಣ್ಣದ ಜಾಕೆಟ್ಟು. ಬೆದೆ ಮುಗಿಸಿ ಸೊರಗಿರೋ ಗಂಡು ಎಲ್ಕ್ ಈ ಹೊತ್ತಲ್ಲಿ ಹೆಣ್ಣಿನ ಹಿಂಡು ಬಿಟ್ಟು ಒಂಟಿಯಾಗಿ, ನೀರು ಮೇವು ಎರಡೂ ಹತ್ತಿರ ಇರೋ ಕಡಿದಾದ ಮೂಲೇಲಿ ಅಡಗಿರತ್ತೆ, ದಿನಕ್ಕೆ ನೂರಿನ್ನೂರು ಗಜ ಓಡಾಡಿದ್ರೆ ಹೆಚ್ಚು. ಇಂಥ ಓವರ್ ದ ಕೌಂಟರ್ ಯುನಿಟ್‌ಗಳಲ್ಲಿ ಎಲ್ಕ್ ಸಿಗೋದು ಸಾಮಾನ್ಯವಾಗಿ ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ. ಇದಕ್ಕೇ ಹೋಗ್ಬೇಕು ಅಂದ್ರೆ ಮೊದಲ ಎರಡು ದಿನ ಅಲ್ಲಿರೋ ಹಾಗೆ ನೋಡ್ಕೊಳ್ಳಿ, ಜನರ ಓಡಾಟಕ್ಕೆ ಎಲ್ಕ್ ಎದ್ದು ಓಡೋದು ಆಗಲೇ, ಜನ ಏರಿ ಬರೋ ಮುಂಚೆ ನೀವು ಅದು ತಪ್ಪಿಸ್ಕೊಂಡು ಹೋಗೋ ದಾರಿ ಮೇಲೆ, ಅಂದ್ರೆ ಎರಡು ಕಣಿವೆ ಮಧ್ಯದ ತಗ್ಗು ದಿಬ್ಬದ ಹತ್ರ ಕೂತಿದ್ರೆ ಒಂದು ಚಾನ್ಸ್ ಇದೆ.

ಮೂರನೇದು ನವೆಂಬರ್. ಇಲ್ಲಿ ಎಲ್ಲ ನಿಂತಿರೋದು ಹಿಮದ ಮೇಲೆ. ಒಂದಡಿ ಹಿಮ ಬಿದ್ರೆ ಎಲ್ಕ್ ಎತ್ತರದಿಂದ ಇಳಿಯೋಕೆ ಶುರು ಮಾಡತ್ತೆ, ಹೆಜ್ಜೆ ಗುರುತು ಬರೆದಿಟ್ಟ ಹಾಗೆ ಕಾಣತ್ತೆ, ಎದುರಿನ ಇಳಿಜಾರಲ್ಲಿ ಮೈಲಿ ದೂರದಿಂದ ಹಿಂಡು ಗೊತ್ತಾಗತ್ತೆ, ಜನನೂ ಎರಡನೇದಕ್ಕಿಂತ ಕಮ್ಮಿ. ಹಿಮ ಬೀಳದಿದ್ರೆ ಎರಡನೇ ಸೀಸನ್ನಿನ ಕಷ್ಟನೇ ಮುಂದುವರಿಯತ್ತೆ, ಮೇಲೆ ಚಳಿ ಬೇರೆ. ಡೆನ್ವರಲ್ಲಿ ಇರೋರಿಗೆ ನಾನು ಹೇಳೋದು, ಓವರ್ ದ ಕೌಂಟರ್ ಟ್ಯಾಗೇ ಗತಿ ಅಂದ್ರೆ ಮೂರನೇದನ್ನ ಇಟ್ಕೊಳ್ಳಿ, ಹವಾಮಾನ ನೋಡ್ಕೊಂಡು ಬಿರುಗಾಳಿ ಮುಗಿದ ಮಾರನೇ ದಿನಕ್ಕೆ ರಜ ಹಾಕಿ, ತಿಂಗಳುಗಳ ಮುಂಚೆಯೇ ಟಿಕೆಟ್ ಬುಕ್ ಮಾಡಿ ಹಾರಿ ಬರೋರಿಗೆ ಈ ಅನುಕೂಲ ಇರಲ್ಲ. ಟೈರಿಗೆ ಹಾಕೋ ಚೈನು, ಫೋರ್ ವೀಲ್ ಡ್ರೈವು, ಮೈನಸ್ ಹದಿನೈದು ಡಿಗ್ರಿಗೆ ಆಗೋ ಸ್ಲೀಪಿಂಗ್ ಬ್ಯಾಗು ಇಲ್ದೆ ಮಾತ್ರ ಹೋಗ್ಬೇಡಿ. ನಾಲ್ಕನೇದು ಡ್ರಾ, ಐದು ದಿನ, ಒಳ್ಳೆ ಗಂಡುಗಳು ತಗ್ಗಿಗೆ ಬಂದಿರೋ ಹೊತ್ತು, ಟ್ಯಾಗ್ ಸಿಕ್ರೆ ಬಿಡ್ಬೇಡಿ.

ಗಂಡಾ ಹೆಣ್ಣಾ

ಟ್ರಿಪ್ ಚಿಕ್ಕದಾದಷ್ಟೂ ಹೆಣ್ಣು ಎಲ್ಕ್ ಟ್ಯಾಗ್ ಕಡೆ ವಾಲಿ. ಕೊಂಬಿನ ಆಸೆ ನನಗೂ ಅರ್ಥ ಆಗತ್ತೆ, ಆದ್ರೆ ಲೆಕ್ಕ ನೋಡಿ. ಕೊಲರಾಡೋದ ಹೆಚ್ಚಿನ ಯುನಿಟ್‌ಗಳಲ್ಲಿ ಗಂಡಾದ್ರೆ ಒಂದು ಕಡೆ ಕೊಂಬಲ್ಲಿ ನಾಲ್ಕು ಕವಲಾದ್ರೂ ಇರ್ಬೇಕು ಅಥವಾ ಹುಬ್ಬಿನ ಕವಲು ಐದು ಇಂಚು ಇರ್ಬೇಕು, ಎಳೇ ಗಂಡು ಎದುರಿಗೇ ನಿಂತ್ರೂ ಹೊಡಿಯೋ ಹಾಗಿಲ್ಲ, ಅರೆಬೆಳಕಲ್ಲಿ ಮರಗಳ ಮಧ್ಯೆ ಆ ಕವಲು ಎಣಿಸೋದ್ರಲ್ಲೇ ನಿಮ್ಮ ಎಂಟರಲ್ಲಿ ಒಂದು ಬೆಳಗ್ಗೆ ಮುಗಿದುಹೋಗತ್ತೆ. ಹೆಣ್ಣು ಹಿಂಡಲ್ಲಿ ಇರತ್ತೆ, ಹಿಂಡು ಸದ್ದು ಮಾಡತ್ತೆ, ಹಿಕ್ಕೆ ಹೆಜ್ಜೆ ಎಲ್ಲ ಧಾರಾಳ ಬಿಡತ್ತೆ, ಹುಡುಕೋದು ಸುಲಭ. ಮಾಂಸನೂ ಮೆತ್ತಗೆ, ಬೆದೆಯಲ್ಲಿ ಓಡಾಡಿ ಸೊರಗಿದ ಗಂಡಿನ ಮಾಂಸಕ್ಕಿಂತ ಅಡುಗೆಗೆ ಎಷ್ಟೋ ಚೆನ್ನ. ಮೂಳೆ ಬಿಡಿಸಿದ್ರೆ ಅರವತ್ತು ಎಪ್ಪತ್ತು ಕೆಜಿ ಸಿಗತ್ತೆ, ಒಂದು ಮನೆಗೆ ವರ್ಷಕ್ಕೆ ಸಾಕು.

ಎರಡರಲ್ಲಿ ಯಾವುದಾದ್ರೂ ಹೊಡೀಬಹುದು ಅನ್ನೋ ಈದರ್ ಸೆಕ್ಸ್ ಟ್ಯಾಗ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಎರಡನೇ ಟ್ಯಾಗಾಗಿ ತಗೋಬಹುದಾದ ಲಿಸ್ಟ್ ಬಿ ಅನ್ನೋ ಪಟ್ಟಿಯ ಹೆಣ್ಣು ಟ್ಯಾಗ್ ಆದ್ರೆ ಮುಖ್ಯ ಪಟ್ಟಿಯ, ಅಂದ್ರೆ ಲಿಸ್ಟ್ ಎ, ಗಂಡು ಟ್ಯಾಗ್ ಜೊತೇಲೇ ಇಟ್ಕೋಬಹುದು, ಒಂದೇ ಸೀಸನ್ನಿಗೆ ಎರಡೂ ಹೊಂದಿಕೊಂಡ್ರೆ ಚಿಕ್ಕ ಟ್ರಿಪ್ಪಿಗೆ ಅದಕ್ಕಿಂತ ಬೇರೆ ಬೇಡ. ಒಂದು ಮಾತು, ಈಶಾನ್ಯಕ್ಕಿಂತ ವಾಯವ್ಯ ಕೊಲರಾಡೋ, ಅಂದ್ರೆ ಮೀಕರ್, ಕ್ರೇಗ್ ಕಡೆ ಎಲ್ಕ್ ತುಂಬ ಅಂತ ಎಲ್ಲರೂ ಹೇಳ್ತಾರೆ, ಅದು ನಿಜ, ಫ್ಲ್ಯಾಟ್ ಟಾಪ್ಸ್ ಸುತ್ತಲಿನ ವೈಟ್ ರಿವರ್ ಹಿಂಡು ರಾಜ್ಯದಲ್ಲೇ ದೊಡ್ಡದು, ಆದ್ರೆ 2022-23ರ ಚಳಿಗಾಲ ಅಲ್ಲಿ ಭಯಂಕರವಾಗಿ ಬಿದ್ದು ಎಲ್ಕ್, ಜಿಂಕೆ ತುಂಬ ಸತ್ತು ಇಲಾಖೆ ಟ್ಯಾಗ್ ಭಾರಿ ಕಡಿತ ಮಾಡ್ತು. ಹಳೇ ವರ್ಷದ ಮಾತು ಕೇಳಿ ಯುನಿಟ್ ಆರಿಸ್ಬೇಡಿ, ಆಯಾ ವರ್ಷದ ಬ್ರೋಶರ್ ಓದಿ.

ಎಲ್ಲಿ ಮಲಗೋದು

ಟೌನಲ್ಲಿ ಮೋಟೆಲ್, ರೋಡ್ ಕೊನೇಲಿ ಟೆಂಟ್, ಬೆನ್ನ ಮೇಲೆ ಹೊತ್ತು ಒಳಗೆ ಹೋಗಿ ಕ್ಯಾಂಪ್, ಡ್ರಾಪ್ ಕ್ಯಾಂಪ್, ಪೂರ್ತಿ ಗೈಡೆಡ್, ಇಷ್ಟು ದಾರಿ ಇದೆ.

ಮೋಟೆಲ್ಲಲ್ಲಿ ಬಿಸಿನೀರು, ಹೀಟರು, ಒಳ್ಳೆ ನಿದ್ದೆ ಎಲ್ಲ ಇದೆ, ಹೆಂಡ್ತಿ ಮಕ್ಕಳು ಜೊತೆಗಿದ್ರೆ ಅದೇ ಸರಿ. ಆದ್ರೆ ಬೆಳಗ್ಗೆ ಐದೂವರೆಗೆ ದಿಬ್ಬದ ಮೇಲೆ ಇರ್ಬೇಕು ಅಂದ್ರೆ ಒಂದು ಗಂಟೆ ಡ್ರೈವು, ಒಂದು ಗಂಟೆ ನಡಿಗೆ, ಮೂರಕ್ಕೆ ಏಳ್ಬೇಕು. ಮೊದಲ ದಿನ ಎದ್ದೇಳ್ತೀರ. ಮೂರನೇ ದಿನ ಅಲಾರಂ ಆಫ್ ಮಾಡಿ ಮಲಗ್ತೀರ, ಇದು ಎಲ್ಲರಿಗೂ ಆಗೋದೇ, ಎತ್ತರದ ಜಾಗದಲ್ಲಿ ಆಯಾಸ ಹಾಗಿರತ್ತೆ.

ಬೆನ್ನ ಮೇಲೆ ಟೆಂಟ್ ಹೊತ್ತು ನಾಲ್ಕೈದು ಮೈಲಿ ಒಳಗೆ ಹೋಗೋದು ಯೂಟ್ಯೂಬಲ್ಲಿ ನೋಡೋಕೆ ಚೆಂದ, ನಿಜಕ್ಕೂ ಎಲ್ಕ್ ಅಲ್ಲೇ ಇದ್ರೆ ಅದರಷ್ಟು ಒಳ್ಳೇದಿಲ್ಲ, ಟೆಂಟಿಂದ ಹೊರಗೆ ಬಂದ್ರೆ ಬೇಟೆ ಶುರು. ಐದು ದಿನದವರಿಗೆ ಅದರ ತೊಂದ್ರೆ ಏನಂದ್ರೆ ಎಲ್ಕ್ ಅಲ್ಲಿ ಇಲ್ಲ ಅಂತ ಗೊತ್ತಾಗೋಕೇ ಎರಡು ದಿನ ಬೇಕು, ಕ್ಯಾಂಪ್ ಕಿತ್ತು ಬೇರೆ ಕಣಿವೆಗೆ ಹೋಗೋಕೆ ಇನ್ನೊಂದು ದಿನ. ಆ ಜಾಗ ಮೊದಲೇ ಗೊತ್ತಿರೋರು, ಇಬ್ಬರು ಮೂವರು ಗಟ್ಟಿ ಕಾಲಿನವರು ಸೇರ್ಕೊಂಡು ಹೋಗೋದಾದ್ರೆ ಸರಿ, ಉಳಿದವರಿಗೆ ಬೇಡ.

ಹೊಸಬರಿಗೆ ನಾನು ಹೇಳೋದು ರೋಡ್ ಕೊನೇಲಿ ಟೆಂಟು ಅಥವಾ ಟ್ರಕ್ಕಲ್ಲೇ ಮಲಗೋದು. ನ್ಯಾಷನಲ್ ಫಾರೆಸ್ಟಲ್ಲಿ ಗೊತ್ತುಮಾಡಿದ ರೋಡ್ ಪಕ್ಕ ಸಾಮಾನ್ಯವಾಗಿ ಹದಿನಾಲ್ಕು ದಿನದವರೆಗೆ ದುಡ್ಡಿಲ್ಲದೆ ಕ್ಯಾಂಪ್ ಮಾಡ್ಬಹುದು, ಎಲ್ಲಿ ಗಾಡಿ ಹೋಗ್ಬಹುದು ಅನ್ನೋದಕ್ಕೆ ಫಾರೆಸ್ಟ್ ಸರ್ವಿಸ್ ಮೋಟರ್ ವೆಹಿಕಲ್ ಮ್ಯಾಪ್ ಅಂತ ಕೊಡತ್ತೆ, ಫ್ರೀ. ಬೆಳಗ್ಗೆ ನಾಲ್ಕೂವರೆಗೆ ಎದ್ರೆ ಸಾಕು, ಮಧ್ಯಾಹ್ನ ಎಲ್ಕ್ ಮಲಗಿರೋ ಹೊತ್ತಲ್ಲಿ ಬಂದು ಬಿಸಿ ಅನ್ನ ಸಾರು ಉಣ್ಣಬಹುದು, ಎಲ್ಲಕ್ಕಿಂತ ಮುಖ್ಯ ಅಂದ್ರೆ ಎರಡು ಬೆಳಗ್ಗೆ ಎರಡು ಸಂಜೆ ನೋಡಿ ಹೊಸ ಹಿಕ್ಕೆ, ಹೊಸ ಹೆಜ್ಜೆ ಏನೂ ಸಿಗದಿದ್ರೆ ಮಧ್ಯಾಹ್ನನೇ ಗಾಡಿ ತಗೊಂಡು ಇಪ್ಪತ್ತು ಮೈಲಿ ಆಚೆಗೆ ಹೋಗಿ ಸಂಜೆ ಬೇಟೆ ಅಲ್ಲಿ ಮಾಡ್ಬಹುದು, ಒಂದು ಸಂಜೆನೂ ಹಾಳಾಗಲ್ಲ. ಅದಕ್ಕೆ ಮನೇಲೇ ಮ್ಯಾಪಲ್ಲಿ ಮೂರು ಜಾಗ ಗುರುತು ಮಾಡ್ಕೊಂಡು ಆಫ್‌ಲೈನ್ ಸೇವ್ ಮಾಡ್ಕೊಂಡು ಹೋಗಿ, ಕಾಡಲ್ಲಿ ಸಿಗ್ನಲ್ ಇರಲ್ಲ. ಆನ್‌ಎಕ್ಸ್ ಥರದ ಆ್ಯಪಲ್ಲಿ ಯಾವುದು ಸರ್ಕಾರದ ಜಾಗ ಯಾವುದು ಖಾಸಗಿ ಅಂತ ಗೆರೆ ಸಮೇತ ಕಾಣತ್ತೆ. ಕೊಲರಾಡೋದಲ್ಲಿ ಬೇಲಿ ಬೋರ್ಡು ಏನೂ ಇಲ್ದಿದ್ರೂ ಖಾಸಗಿ ಜಾಗಕ್ಕೆ ಒಡೆಯರ ಅನುಮತಿ ಇಲ್ದೆ ಬೇಟೆಗೆ ಕಾಲಿಡೋ ಹಾಗಿಲ್ಲ.

ಡ್ರಾಪ್ ಕ್ಯಾಂಪ್ ಅಂದ್ರೆ ಬೇಟೆ ಟ್ರಿಪ್ ನಡೆಸಿಕೊಡೋ ಔಟ್‌ಫಿಟರ್ ಕುದುರೆ ಮೇಲೆ ನಿಮ್ಮನ್ನ ಸಾಮಾನು ಸಮೇತ ಒಳಗೆ ಬಿಟ್ಟು ಬರ್ತಾರೆ, ಟೆಂಟು ಸ್ಟವ್ವು ಅಲ್ಲಿ ಹಾಕಿರತ್ತೆ, ಬೇಟೆ ನಿಮ್ದು, ಎಲ್ಕ್ ಬಿದ್ರೆ ಕುದುರೆ ತಂದು ಮಾಂಸ ಹೊತ್ಕೊಂಡು ಹೋಗ್ತಾರೆ. ಎರಡು ಮೂರು ಸಾವಿರ ಡಾಲರ್ ಆಗತ್ತೆ, ಮಾಂಸ ಹೊರೋ ಕಷ್ಟ ಇಲ್ಲ ಅನ್ನೋದೊಂದೇ ಸಾಕು ಅದಕ್ಕೆ ಬೆಲೆ ಕಟ್ಟೋಕೆ. ಆದ್ರೆ ಬೇರೆ ಜಾಗಕ್ಕೆ ಹೋಗೋ ಹಾಗಿಲ್ಲ, ಕಟ್ಟಿಹಾಕಿದ ಹಾಗೆ. ಅದಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಎರಡು ಪ್ರಶ್ನೆ ಕೇಳಿ, ಈ ಕ್ಯಾಂಪಲ್ಲಿ ಇದೇ ಸೀಸನ್ನಲ್ಲಿ ಹೋದ ವರ್ಷ ಎಷ್ಟು ಜನ ಇದ್ರು ಎಷ್ಟು ಎಲ್ಕ್ ಬಿತ್ತು, ನನ್ನ ಗುಂಪಿಗೆ ಮುಂಚೆ ವಾರ ಅಲ್ಲಿ ಬೇರೆ ಗುಂಪು ಇರತ್ತಾ. ಔಟ್‌ಫಿಟರ್ ಕೊಲರಾಡೋದಲ್ಲಿ ರಿಜಿಸ್ಟರ್ ಆಗಿರಲೇಬೇಕು, ಬಾಂಡ್ ಇನ್ಶೂರೆನ್ಸ್ ಇರಲೇಬೇಕು, ನಂಬರ್ ತಗೊಂಡು ರಾಜ್ಯದ ಸೈಟಲ್ಲಿ ನೋಡಿದ್ಮೇಲೆನೇ ದುಡ್ಡು ಕಳಿಸಿ.

ಪೂರ್ತಿ ಗೈಡೆಡ್, ಅದೂ ಖಾಸಗಿ ರ‍್ಯಾಂಚಲ್ಲಿ, ಆರೇಳು ಸಾವಿರ ಡಾಲರಿಂದ ಶುರು ಆಗತ್ತೆ. ದುಡ್ಡು ಇದೆ, ಟೈಮ್ ಇಲ್ಲ, ಜೀವನದಲ್ಲಿ ಒಂದ್ಸಲ ಅನ್ನೋರಿಗೆ ಇದಕ್ಕಿಂತ ಖಾತ್ರಿ ಬೇರೆ ಇಲ್ಲ, ಎಂಟಕ್ಕೆ ಎಂಟೂ ಹೊತ್ತು ನೀವು ಎಲ್ಕ್ ಎದುರಲ್ಲೇ ಇರ್ತೀರ. ಇದಕ್ಕೂ ರೋಡ್ ಕ್ಯಾಂಪಿಗೂ ಮಧ್ಯದ ದಾರಿ ಒಂದಿದೆ, ಜನಕ್ಕೆ ಅಷ್ಟು ಗೊತ್ತಿಲ್ಲ. ಕೆಲವು ರ‍್ಯಾಂಚಿನವರು ಹುಲ್ಲು ಕಣಕ್ಕೆ ಎಲ್ಕ್ ಹಿಂಡು ನುಗ್ಗೋದ್ರಿಂದ ಬೇಸತ್ತು ಹೆಣ್ಣು ಎಲ್ಕ್ ಬೇಟೆಗೆ ಕಮ್ಮಿ ದುಡ್ಡಿಗೆ ಬಿಡ್ತಾರೆ, ಡಿಸೆಂಬರ್ ಜನವರಿಯಲ್ಲೂ ಅಂಥ ಟ್ಯಾಗ್ ಇರತ್ತೆ, ಎರಡು ಮೂರು ದಿನದಲ್ಲಿ ಮುಗಿಯತ್ತೆ, ಗಾಡಿನೂ ಹತ್ತಿರಕ್ಕೆ ಹೋಗತ್ತೆ. ಕೊಲರಾಡೋ ರೆಸಿಡೆಂಟ್ ಆದ್ರೆ ರ‍್ಯಾಂಚಿಂಗ್ ಫಾರ್ ವೈಲ್ಡ್‌ಲೈಫ್ ಅನ್ನೋ ಡ್ರಾನೂ ಇದೆ, ದೊಡ್ಡ ದೊಡ್ಡ ಖಾಸಗಿ ರ‍್ಯಾಂಚಲ್ಲಿ ಒಳಗೆ ಹೋಗೋಕೆ ಫೀ ಇಲ್ಲದೆ ಬೇಟೆ. ಹೊರಗಿನವರಿಗೆ ಅದು ಇಲ್ಲ.

ಬೇರೆ ರಾಜ್ಯ

ವಯೋಮಿಂಗಲ್ಲಿ ಎಲ್ಕ್ ಚೆನ್ನಾಗಿದೆ, ಜನ ಕಮ್ಮಿ, ಆದ್ರೆ ಫೆಡರಲ್ ವಿಲ್ಡರ್ನೆಸ್ ಜಾಗದಲ್ಲಿ (ರೋಡು ಗಾಡಿ ಇಲ್ಲದ ಕಾಯ್ದಿಟ್ಟ ಕಾಡು) ಹೊರಗಿನವರು ಗೈಡ್ ಅಥವಾ ಅಲ್ಲಿನ ನಿವಾಸಿ ಜೊತೆ ಇಲ್ದೆ ಬೇಟೆ ಮಾಡೋ ಹಾಗಿಲ್ಲ, ಡ್ರಾ ಅರ್ಜಿನೂ ಚಳಿಗಾಲದಲ್ಲೇ ಮುಗಿದುಹೋಗತ್ತೆ. ಮೊಂಟಾನಾದ ರೈಫಲ್ ಸೀಸನ್ ಅಕ್ಟೋಬರ್ ಕೊನೆಯಿಂದ ಥ್ಯಾಂಕ್ಸ್‌ಗಿವಿಂಗ್ ವೀಕೆಂಡ್‌ವರೆಗೆ ಐದು ವಾರ ಉದ್ದ, ರಜಕ್ಕೆ ತಕ್ಕ ಹಾಗೆ ದಿನ ಆರಿಸ್ಕೋಬಹುದು, ಅರ್ಜಿ ಏಪ್ರಿಲ್ 1ಕ್ಕೆ ಕೊನೆ. ನ್ಯೂ ಮೆಕ್ಸಿಕೋ ಡ್ರಾದಲ್ಲಿ ನೂರಕ್ಕೆ 84 ಅಲ್ಲಿನವರಿಗೆ, 10 ಔಟ್‌ಫಿಟರ್ ಜೊತೆ ಬರೋರಿಗೆ, ಉಳಿದ 6 ಮಾತ್ರ ನಮ್ಮಂಥ ಹೊರಗಿನವರಿಗೆ. ಟೆಕ್ಸಾಸಿಂದ ಡ್ರೈವ್ ಮಾಡೋರಿಗೆ ಹತ್ತಿರ ಅಂತ ಆಸೆ ಆಗತ್ತೆ, ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ, ಕೊಲರಾಡೋನ ಜೊತೇಲಿ ಇಟ್ಕೊಳ್ಳಿ.

ಮೈ, ಗಾಳಿ, ಬಂದೂಕು

ಎಲ್ಕ್ ಇರೋದು 9,000ದಿಂದ 11,000 ಅಡಿ ಎತ್ತರದಲ್ಲಿ. ಹ್ಯೂಸ್ಟನ್ನಿಂದ ಅವತ್ತೇ ಬಂದು ಮಾರನೇ ಬೆಳಗ್ಗೆ ಏರು ಹತ್ತಿದ್ರೆ ತಲೆನೋವು, ವಾಂತಿ, ನಿದ್ದೆ ಇಲ್ಲ. ಒಂದು ದಿನ ಮುಂಚೆ ಬನ್ನಿ, ಆ ದಿನ ಹೊತ್ತುಗೊತ್ತಿಲ್ಲದೆ ತಿರುಗದೆ ಸಂಜೆ ದಿಬ್ಬದ ಮೇಲೆ ಬೈನಾಕ್ಯುಲರ್ ಹಿಡ್ಕೊಂಡು ಕೂತ್ಕೊಳ್ಳಿ, ಮೈಯೂ ಹೊಂದ್ಕೊಳ್ಳತ್ತೆ, ಮಾರನೇ ದಿನಕ್ಕೆ ಹಿಂಡೂ ಸಿಗಬಹುದು. ಎಲ್ಕ್ ಹುಡುಕುವಾಗ ಇಡೀ ಪ್ರಾಣಿ ಕಾಣತ್ತೆ ಅಂತ ಕಾಯ್ಬೇಡಿ. ಆಸ್ಪೆನ್ ತೋಪಿನ ಅಂಚಲ್ಲಿ ಮರದ ಕಾಂಡಗಳೆಲ್ಲ ನೆಟ್ಟಗೆ ನಿಂತಿರೋ ಕಡೆ ಒಂದು ಅಡ್ಡ ಗೆರೆ, ಒಣ ಹುಲ್ಲಿನ ಬಣ್ಣದ ಹಿಂಭಾಗ, ಕಪ್ಪಗಿರೋ ಕತ್ತು, ಅಷ್ಟೇ ಕಾಣೋದು, ಕಿವಿ ಅಲ್ಲಾಡಿದಾಗ ಉಳಿದದ್ದು ಮೂಡತ್ತೆ.

ಬೆಳಗಿನ ಜಾವ ತಣ್ಣನೆ ಗಾಳಿ ಕಣಿವೆ ಕಡೆ ಇಳಿಯತ್ತೆ, ಬಿಸಿಲು ಬಿದ್ಮೇಲೆ ಮೇಲಕ್ಕೆ ಏರತ್ತೆ, ಸಂಜೆ ಮತ್ತೆ ಇಳಿಯತ್ತೆ. ಅದಕ್ಕೇ ಬೆಳಗ್ಗೆ ಕೆಳಗಿಂದ ಹತ್ತಿ, ಬಿಸಿಲಾದ್ಮೇಲೆ ಮೇಲೇ ಇರಿ. ರೈಫಲ್ ಹಿಡಿದವರು ಹೊಳೆಯೋ ಕಿತ್ತಳೆ ಅಥವಾ ಗುಲಾಬಿ ಬಣ್ಣ ಸೊಂಟದ ಮೇಲೆ 500 ಚದರ ಇಂಚು, ಮೇಲೆ ಅದೇ ಬಣ್ಣದ ಟೋಪಿ ಹಾಕ್ಲೇಬೇಕು. ರೈಫಲ್ಲಿನ ಗುಂಡಿನ ಅಳತೆ .270, .308, .30-06 ಯಾವುದಾದ್ರೂ ಸಾಕು, ಹೊಸ ದೊಡ್ಡ ಮ್ಯಾಗ್ನಮ್ ತಗೊಳ್ಳೋ ದುಡ್ಡಲ್ಲಿ ಬುಲೆಟ್ ತಗೊಂಡು ಕೂತು, ಮಂಡಿಯೂರಿ, ಕೋಲಿಗೆ ಒರಗಿಸಿ ಅಭ್ಯಾಸ ಮಾಡಿ. ವಿಮಾನದಲ್ಲಿ ಬಂದಿದ್ರೆ ಬೇಟೆಗೆ ಮುಂಚೆ ರೇಂಜಿಗೆ ಹೋಗಿ ಮೂರು ಗುಂಡು ಹೊಡೆದು ಸ್ಕೋಪ್ ಸರಿ ಇದ್ಯಾ ನೋಡಿ. ಅಭ್ಯಾಸ ಮಾಡಿರೋ ದೂರಕ್ಕಿಂತ ಹತ್ತು ಗಜ ಹೆಚ್ಚಿದ್ರೂ ಬಿಡಿ, ಗಾಯ ಮಾಡಿ ಕಳ್ಕೊಳ್ಳೋದು ಆ ಪ್ರಾಣಿಗೆ ಮಾಡೋ ದ್ರೋಹ.

ಎಲ್ಕ್ ಬಿದ್ಮೇಲೆ

ಇಷ್ಟು ಹೊತ್ತು ಹೇಳಿದ್ದರಲ್ಲಿ ಜನ ಕಮ್ಮಿ ಯೋಚಿಸೋದು ಇದನ್ನೇ. ಮೊದಲು ಟ್ಯಾಗ್ ಹರಿದು ಸಹಿ ದಿನಾಂಕ ಹಾಕಿ. ಇಬ್ಬರಿದ್ರೂ ಆ ದೇಹವನ್ನ ಎಳೆಯೋಕಾಗಲ್ಲ, ಬಿದ್ದ ಜಾಗದಲ್ಲೇ ಬಿಡಿಸ್ಬೇಕು, ಹೊಟ್ಟೆ ಸೀಳದೇ ಮಾಡೋ ವಿಧಾನ ಚಿಕ್ಕ ಟ್ರಿಪ್ಪಿಗೆ ಸರಿಹೊಂದತ್ತೆ. ಮಗ್ಗುಲಾಗಿ ಮಲಗಿಸಿ ಕತ್ತಿಂದ ಬಾಲದವರೆಗೆ ಬೆನ್ನ ಮೇಲೆ ಚರ್ಮ ಸೀಳಿ ಹೊಟ್ಟೆ ಕಡೆಗೆ ಸುಲೀತಾ ಬನ್ನಿ. ಮುಂಗಾಲು ಮೂಳೆಗೆ ಮೂಳೆ ಸೇರಿರಲ್ಲ, ಎತ್ತಿ ಹಿಡಿದು ಚಾಕು ಆಡಿಸಿದ್ರೆ ಕಳಚಿಕೊಳ್ಳತ್ತೆ. ತೊಡೆಗೆ ಸೊಂಟದ ಗುಂಡು ಕೀಲು ಹುಡುಕಿ ಅದರ ನಾರು ಕತ್ತರಿಸಿ, ಗರಗಸ ಬೇಡ. ಬೆನ್ನಿನ ಉದ್ದದ ಮಾಂಸ ಬಿಡಿಸಿ, ಕೊನೇ ಪಕ್ಕೆಲುಬಿನ ಹಿಂದೆ ಕೈ ಹಾಕಿ ಒಳಗಿನ ಮೆತ್ತನೆ ಮಾಂಸ ತೆಗೀರಿ, ಆಮೇಲೆ ಮಗ್ಗುಲು ಬದಲಾಯಿಸಿ ಅದೇ ಕೆಲಸ. ಹೆಣ್ಣೋ ಗಂಡೋ ಅನ್ನೋದಕ್ಕೆ ಗುರುತು ಒಂದು ಭಾಗಕ್ಕೆ ಅಂಟಿಕೊಂಡೇ ಇರ್ಬೇಕು, ಕೊಲರಾಡೋ ಕಾನೂನು, ಕತ್ತರಿಸಿ ಬಿಸಾಕಿದ್ರೆ ದಂಡ. ತಿನ್ನೋ ಮಾಂಸ ಕಾಡಲ್ಲಿ ಬಿಟ್ಟು ಬರೋದೂ ಅಪರಾಧ.

ಚರ್ಮ ಇದ್ದಷ್ಟು ಹೊತ್ತೂ ಒಳಗಿನ ಬಿಸಿ ಹೋಗಲ್ಲ, ತೊಡೆ ಮೂಳೆ ಸುತ್ತ ಮಾಂಸ ಹುಳಿ ಹಿಡಿಯತ್ತೆ, ಅದಕ್ಕೇ ಬೇಗ ಸುಲಿದು ಬಟ್ಟೆಯ ಗೇಮ್ ಬ್ಯಾಗಿಗೆ ಹಾಕಿ ನೆರಳಲ್ಲಿ ಕೊಂಬೆಗೆ ನೇತುಹಾಕಿ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಹೆಣ್ಣಿನ ಒಂದು ಹಿಂದೊಡೆ ಮೂಳೆ ಸಮೇತ ಇಪ್ಪತ್ತು ಕೆಜಿ ಮೇಲೆ ಬರತ್ತೆ. ಒಬ್ಬರೇ ಆದ್ರೆ ನಾಲ್ಕೈದು ಸಲ ಓಡಾಟ, ಎರಡು ಮೈಲಿ ಒಳಗೆ ಬಿದ್ದಿದ್ರೆ ಒಂದೂವರೆ ದಿನ ಅಲ್ಲೇ ಹೋಯ್ತು. ವಿಲ್ಡರ್ನೆಸ್ ಒಳಗೆ ಚಕ್ರದ ಕೈಗಾಡಿನೂ ಬಿಡಲ್ಲ. ಹಾಗಾಗಿ ಒಬ್ಬರೇ ಹೋಗೋರು ರೋಡಿಂದ ಒಂದೂವರೆ ಮೈಲಿ ದಾಟದೇ ಇರೋದು ಒಳ್ಳೇದು, ಮೂವರಿದ್ರೆ ಮೂರು ಮೈಲಿ ಆಗಬಹುದು. ಜೊತೆಗಾರ ಬೇಟೆ ಬರದವರಾದ್ರೂ ಪರವಾಗಿಲ್ಲ, ಹೊರೋಕೆ ಬರ್ತೀನಿ ಅಂದ್ರೆ ಸಾಕು, ಅವರ ಪೆಟ್ರೋಲ್ ಊಟ ನೀವೇ ನೋಡ್ಕೊಳ್ಳಿ.

ಟೌನಿನ ಮೀಟ್ ಪ್ರೊಸೆಸರ್ ಹತ್ರ ಕೊಟ್ರೆ ಕತ್ತರಿಸಿ ಪ್ಯಾಕ್ ಮಾಡೋಕೆ ಸೀಸನ್ನಲ್ಲಿ ವಾರಗಟ್ಟಲೆ ಆಗತ್ತೆ, ಹತ್ತಿರದವರಿಗೆ ಸರಿ, ದೂರದವರು ಕ್ಯಾಂಪಲ್ಲೇ ಮೂಳೆ ಬಿಡಿಸಿ ಕೂಲರಿಗೆ ತುಂಬಿ. ಡ್ರೈವ್ ಮಾಡಿ ಬಂದವರಿಗೆ ದೊಡ್ಡ ಕೂಲರು ಎರಡು, ಐಸು, ಅಷ್ಟೇ. ವಿಮಾನದಲ್ಲಾದ್ರೆ ಹೆಪ್ಪುಗಟ್ಟಿಸಿದ ಮಾಂಸ 50 ಪೌಂಡಿನ ಚೆಕ್ ಇನ್ ಬ್ಯಾಗಾಗಿ ಹೋಗತ್ತೆ, ಡ್ರೈ ಐಸ್ 2.5 ಕೆಜಿ ಮಿತಿ, ಅದನ್ನೂ ಏರ್‌ಲೈನ್‌ಗೆ ಮೊದಲೇ ಹೇಳಿರ್ಬೇಕು, ಒಂದು ಎಲ್ಕಿಗೆ ಮೂರು ಬ್ಯಾಗಾದ್ರೂ ಬೇಕು. ಹೋಲಿಸಿ ನೋಡಿದ್ರೆ ಹನ್ನೆರಡು ಗಂಟೆ ಒಳಗಿನ ಡ್ರೈವ್ ಆದ್ರೆ ಡ್ರೈವೇ ವಾಸಿ. ಜಿಂಕೆ ಎಲ್ಕ್‌ಗಳಿಗೆ ಬರೋ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಕೊಲರಾಡೋದಲ್ಲಿದೆ, ತಲೆ ಇಲಾಖೆಗೆ ಟೆಸ್ಟಿಗೆ ಕೊಟ್ಟು ರಿಸಲ್ಟ್ ಬರೋವರೆಗೆ ಫ್ರೀಜರಲ್ಲಿ ಇಟ್ಟು ಆಮೇಲೆ ತಿನ್ನಿ. ಮಿದುಳು ಬೆನ್ನುಹುರಿ ಬೇರೆ ರಾಜ್ಯಕ್ಕೆ ತರೋದಕ್ಕೆ ಎಷ್ಟೋ ಕಡೆ ನಿಷೇಧ ಇದೆ, ಮೂಳೆ ಬಿಡಿಸಿದ ಮಾಂಸಕ್ಕೆ ತೊಂದ್ರೆ ಇಲ್ಲ. ಎಲ್ಕ್ ಮಾಂಸದಲ್ಲಿ ಕೊಬ್ಬು ತೀರ ಕಮ್ಮಿ, ಕುಕ್ಕರಲ್ಲಿ ಸಾರು ಮಾಡೋದಾದ್ರೆ ಮುಂಗಾಲಿನ ಮಾಂಸ ಹಾಕಿ, ಬೆನ್ನಿನ ಮಾಂಸನ ಮೆಣಸು ಉಪ್ಪು ತುಪ್ಪ ಹಾಕಿ ಬಾಣಲೇಲಿ ಎರಡು ನಿಮಿಷ ಹುರಿದು ಇಳಿಸಿ, ಹೆಚ್ಚು ಬೇಯಿಸಿದ್ರೆ ನಾರು.

ಇನ್ನು ಕೊನೇ ದಿನದ ತೀರ್ಮಾನ, ಅದನ್ನ ಮನೇಲೇ ಮಾಡ್ಕೊಂಡು ಹೋಗಿ. ಸೋಮವಾರ ಬೆಳಗ್ಗೆ ಆಫೀಸು, ಭಾನುವಾರ ಸಂಜೆ ಮುಳುಗೋ ಬೆಳಕಲ್ಲಿ ಎರಡು ಮೈಲಿ ಒಳಗೆ ಹಿಂಡು ಎದುರಿಗೆ ನಿಂತ್ರೆ ಏನ್ ಮಾಡ್ತೀರ? ಸೋಮವಾರ ಮಂಗಳವಾರ ರಜ ಹಾಕೋಕೆ ಮ್ಯಾನೇಜರ್ ಹತ್ರ ಮೊದಲೇ ಮಾತಾಡಿದ್ರೆ, ಫ್ಲೈಟ್ ಬದಲಾಯಿಸೋ ಟಿಕೆಟ್ ಇದ್ರೆ, ಹೊಡೀರಿ. ಇಲ್ಲಾಂದ್ರೆ ಕೊನೇ ಸಂಜೆ ರೋಡಿಗೆ ಅರ್ಧ ಮೈಲಿ ಒಳಗೇ ಕೂತ್ಕೊಳ್ಳಿ, ಅಥವಾ ಕೊನೇ ಬೆಳಗ್ಗೆ ಹತ್ತಕ್ಕೆ ಬಂದೂಕು ಖಾಲಿ ಮಾಡಿ ಡಬ್ಬಿಗೆ ಹಾಕಿ. ಟಿಕೆಟ್ ಬುಕ್ ಮಾಡುವಾಗ ಇನ್ನೂರು ಡಾಲರ್ ಹೆಚ್ಚು ಕೊಟ್ಟು ಬದಲಾಯಿಸಬಹುದಾದ ಟಿಕೆಟ್ ತಗೊಂಡ್ರೆ ನಿಮ್ಮ ಎಂಟರ ಲೆಕ್ಕಕ್ಕೆ ಇನ್ನೊಂದು ಸಂಜೆ ಸೇರತ್ತೆ, ಗೇರ್ ಅಂಗಡೀಲಿ ಆ ದುಡ್ಡಿಗೆ ಅಷ್ಟು ಬೆಲೆ ಬಾಳೋದು ಯಾವುದೂ ಸಿಗಲ್ಲ.